ನಮ್ಮ ಮನೆಯವರ ಡಬ್ಬಿಗಳು, ಬಾಣಗಳು

ನಮ್ಮ ಅತ್ತೆಯವರು ಈ ಲೋಕದಲ್ಲಿ ಇರಲು ಸಾಧ್ಯವೇ ಇಲ್ಲ! ಇದು ನನ್ನ ಮಾತಲ್ಲ. ನಾನು ಹೀಗೆಂದಿದ್ದರೆ ಅದೇ ದಿನ ಸೀರೆ ಗಂಟು ಕಟ್ಟಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿ ತವರಿಗೆ ಹೋಗಬೇಕಾಗುತ್ತಿತ್ತು. ಹೇಳಿದವರು ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗ, ಅಂದರೆ ನಮ್ಮ ಮನೆಯವರು. ಬರೀ ಬಾಯಿಮಾತೂ ಅಲ್ಲ, ಕಂಪ್ಯೂಟರಿಗೆ ಹಾಕಿ, ಸಾಬೀತು ಮಾಡಿ, ಕೆಂಪು ಅಕ್ಷರದಲ್ಲಿ ತೋರಿಸಿದರು. ಆ ಹೊತ್ತಿಗೆ ಅತ್ತೆಯವರು ಪಡಸಾಲೆಯಲ್ಲಿ ಕುಳಿತು ಎರಡನೆಯ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಹಾಕಿಸಿಕೊಳ್ಳುತ್ತಿದ್ದರು. ಇಲ್ಲದವರಿಗೆ ಅಷ್ಟು ಹಸಿವೆಯೇ?

ನಮ್ಮ ಮನೆಯವರ ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ರೂಢಿ ಇದ್ದೇ ಇದೆ. ಹೇಳಿದರೆ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ "ಓ, ಬಾಣದ ಮಾಸ್ತರ್ ಏನ್ರಿ?" ಎಂದು ನಗುತ್ತಾರೆಂಬ ಅಂಜಿಕೆ ಅದಕ್ಕಿಂತ ದೊಡ್ಡದು. ದಿನಾ ಬಸ್ಸಿನಲ್ಲಿ ಹೋಗಿಬರುವ ಒಂದು ಕಾಲೇಜಿನಲ್ಲಿ ಇವರು ಕಂಪ್ಯೂಟರ್ ಕಲಿಸುತ್ತಾರೆ. ಸಿಗರೇಟಿಲ್ಲ, ಇಸ್ಪೀಟಿಲ್ಲ, ಕೈ ಎತ್ತಿದವರಲ್ಲ. ನನ್ನ ತವರಿನವರು ಇವನ್ನೆಲ್ಲ ವಿಚಾರಿಸಿಯೇ ಕೊಟ್ಟರು. ಕಾಗದದ ಮೇಲೆ ಚೌಕ ಬರೆಯುವ ಚಟವಿದೆಯೇ ಎಂದು ಯಾರಾದರೂ ವಿಚಾರಿಸುತ್ತಾರೆಯೇ?

ಮದುವೆಯಾದ ಹೊಸದರಲ್ಲಿ, ತೊಂಬತ್ತರ ದಶಕದ ಮೊದಲಲ್ಲಿ, ಒಮ್ಮೆ ಕಾಲೇಜಿನ ಕಂಪ್ಯೂಟರ್ ತೋರಿಸಲು ಕರೆದುಕೊಂಡು ಹೋಗಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಒಳಗೆ ತಣ್ಣನೆಯ ಗಾಳಿ. ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ನಾನು ತಲೆಯ ಮೇಲೆ ಸೆರಗು ಹೊದ್ದು ಕೈ ಮುಗಿದೆ. ಅಲ್ಲಿದ್ದವರು ನಕ್ಕರು. ನಗಲಿ. ಮುಂದೆ ನನ್ನ ಸಂಸಾರವನ್ನೇ ನುಂಗಲಿರುವ ದೇವತೆಗೆ ಮೊದಲೇ ಕೈ ಮುಗಿದಿಟ್ಟದ್ದು ಒಳ್ಳೆಯದೇ ಆಯಿತು!

ಇವರ ಕೆಲಸವೇನೆಂದು ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೇ ಬಾಯಿಪಾಠವಾಗಿದೆ. ಗೌಂಡಿ ಮನೆ ಕಟ್ಟುವ ಮೊದಲು ನಕ್ಷೆ ತೆಗೆಸುತ್ತೇವಲ್ಲ, ಹಾಗೆ ದೊಡ್ಡ ಊರಿನ ಕಂಪನಿಗಳಲ್ಲಿ ಪ್ರೋಗ್ರಾಂ ಬರೆಯುವ ಮೊದಲೂ ನಕ್ಷೆ ತೆಗೆಯುತ್ತಾರಂತೆ. ಒಂದೊಂದು ವಸ್ತುವಿಗೆ ಒಂದೊಂದು ಚೌಕ. ಚೌಕದಿಂದ ಚೌಕಕ್ಕೆ ಬಾಣ. ಯಾವ ಸಂಬಂಧಕ್ಕೆ ಯಾವ ಬಾಣ, ಅದರ ತುದಿ ಟೊಳ್ಳೋ ತುಂಬಿದ್ದೋ, ಇದಕ್ಕೆ ಇಡೀ ಜಗತ್ತಿಗೆ ಒಂದೇ ಕಾಯಿದೆ. ನಕ್ಷೆ ಸರಿಯಾಗಿದ್ದರೆ ಅದರಿಂದ ಪ್ರೋಗ್ರಾಂ ತಾನೇ ಹುಟ್ಟುತ್ತದಂತೆ. ಇದು ಒಂದು ಕಡೆ ಇರಲಿ. ಇನ್ನೊಂದು ಕಡೆ ಆಂಟಾಲಜಿ ಎಂಬುದಿದೆ. ಜಗತ್ತಿನಲ್ಲಿ ಏನೇನಿದೆ, ಯಾವುದು ಯಾವುದಕ್ಕೆ ಏನಾಗಬೇಕು ಎಂಬುದನ್ನು ಯಂತ್ರಕ್ಕೆ ತಿಳಿಯುವಂತೆ ಬರೆದಿಡುವ ವಿದ್ಯೆ. ಬರೆದು ಕೊಟ್ಟರೆ ಯಂತ್ರ ವಿಚಾರ ಮಾಡಿ ನಾವು ಹೇಳದ ಮಾತನ್ನೂ ಹೇಳುತ್ತದಂತೆ. ಕಂಪನಿಯವರ ಆ ನಕ್ಷೆಯ ಕಾಯಿದೆಯಿಂದಲೇ ಈ ಆಂಟಾಲಜಿಯನ್ನೂ ಕಟ್ಟಬಹುದು ಎಂಬುದು ಇವರ ಹಟ. ಎತ್ತಿಗೆ ಹೊಲಿದ ಜೂಲನ್ನು ಎಮ್ಮೆಗೆ ಹೊದಿಸಿ "ನೋಡ್ರಿ, ಬರಾಬರ್ ಕೂಡ್ತದ" ಎನ್ನುವ ಹಟ! ಕೂಡುತ್ತದೆಯೋ ಇಲ್ಲವೋ ನನಗೆ ತಿಳಿಯದು. ಅಷ್ಟೂ ವರ್ಷ ಎಮ್ಮೆಯನ್ನು ಹಿಡಿದುಕೊಂಡು ನಿಂತವಳು ಮಾತ್ರ ನಾನು.

ಈ ಹಟದ ಮೇಲೆ ಗುಲಬರ್ಗಾಕ್ಕೆ ಹೋಗಿ ಪಿಎಚ್‌ಡಿಗೆ ಹೆಸರು ಹಚ್ಚಿಸಿ ಬಂದರು. ಮೂರು ವರ್ಷ ಎಂದಿದ್ದರು. ಐದಾಯಿತು. ಆರಾಯಿತು. ಇವರಿಗಿಂತ ಚಿಕ್ಕವರು, ಇವರ ಕೈಯಲ್ಲೇ ಕಲಿತವರು, ಡಾಕ್ಟರ್ ಆಗಿ ಬಂದು ಇವರ ಮೇಲಿನ ಕುರ್ಚಿಯಲ್ಲಿ ಕುಳಿತರು. ಕಡೆಗೆ ಕಾಲೇಜಿನಿಂದ ಒಂದು ಪತ್ರ ಬಂತು: ಎರಡು ವರ್ಷದೊಳಗೆ ಪದವಿ ತರಬೇಕು, ಇಲ್ಲವಾದರೆ ಜಾಗ ಬಿಡಬೇಕು. ಆ ಪತ್ರವನ್ನು ಇವರು ಒಮ್ಮೆ ಓದಿ, ತಿರುಗಿಸಿ, ಹಿಂದೆ ಖಾಲಿ ಇದ್ದದ್ದಕ್ಕೆ ಅಲ್ಲೊಂದು ಚೌಕ ಬರೆದರು. ನಾನು ಮಾತ್ರ ಅವತ್ತಿನಿಂದ ಸೋಮವಾರದ ಒಪ್ಪತ್ತು ಹಿಡಿದೆ. ವೀರಭದ್ರನ ಗುಡಿಗೆ ಹೋದಾಗ ಮೊದಲು ಏನೇನೋ ಕೇಳುತ್ತಿದ್ದವಳು ಈಗ ಒಂದನ್ನೇ ಕೇಳತೊಡಗಿದೆ: ಅಪ್ಪಾ, ಇವರ ಡಬ್ಬಿಗಳು ಒಮ್ಮೆ ಮುಚ್ಚಲಿ. ಚೌಕಕ್ಕೆ ಇವರು ಬಾಕ್ಸ್ ಎನ್ನುತ್ತಾರೆ. ನಾನು ಅಡಿಗೆ ಮಾಡುವವಳು, ಡಬ್ಬಿ ಎನ್ನುತ್ತೇನೆ.

ಹಾಗೆ ನೋಡಿದರೆ ಇವರ ವಿದ್ಯೆ ಶುರುವಾದದ್ದೇ ನನ್ನ ಅಡಿಗೆಮನೆಯಲ್ಲಿ. ನಕ್ಷೆ ಬರೆಯಲು ಒಂದು ಸಣ್ಣ ಜಗತ್ತು ಬೇಕಂತೆ. ಹೊರದೇಶದವರು ತಮ್ಮ ತಮ್ಮ ತಿನಿಸು ಹಿಡಿದುಕೊಂಡು ಬರೆಯುತ್ತಾರಂತೆ. ಇವರ ಕಣ್ಣಿಗೆ ನನ್ನ ಕಾಳುಕಡಿ ಬಿತ್ತು.

"ಏ, ಇಲ್ಲಿ ಬಾ. ತೊಗರಿಬ್ಯಾಳಿ ಅನ್ನೋದು ತೊಗರಿಕಾಳಿನ ಒಂದು ಜಾತಿಯೋ, ಒಂದು ತುಕಡಿಯೋ?"

"ಯಾಕ್ರಿ?"

"ಜಾತಿ ಆದ್ರ ಟೊಳ್ಳ ಬಾಣ. ತುಕಡಿ ಆದ್ರ ಬ್ಯಾರೆ ಬಾಣ. ತಪ್ಪಿದ್ರ ಪೂರಾ ನಕ್ಷೆ ಬೀಳ್ತದ."

"ಕುದಿಸಿದ್ರ ಎರಡೂ ಸಾರೇ ಆಗ್ತದ್ರಿ. ಸರೀರಿ, ಕುಕ್ಕರ್ ಸೀಟಿ ಹೊಡ್ಯಾಕತ್ತದ."

"ಸಾರು!" ಎಂದು ಕೂಗಿದರು, ನೆಲ ಬಿರಿದು ದೇವರೇ ಎದ್ದು ಬಂದ ಹಾಗೆ. "ಸಾರಿಗೆ ಒಂದು ಬ್ಯಾರೆ ಬಾಕ್ಸ್ ಆಗ್ಬೇಕಲ್ಲ!" ಆ ಡಬ್ಬಿ ಬರೆದು ಮುಗಿಯುವಷ್ಟರಲ್ಲಿ ಸಾರು ತಳ ಹತ್ತಿತ್ತು.

ಒಂದು ದಿನ ನಾನು ಗುಡಿಗೆ ಹೋಗಿ ಬರುವುದರೊಳಗೆ ನನ್ನ ಅಡಿಗೆಮನೆಯ ಮಾಡದಲ್ಲಿನ ಡಬ್ಬಿಗಳೆಲ್ಲ ಇವರ ನಕ್ಷೆಯ ಪ್ರಕಾರ ಜಾಗ ಬದಲಿಸಿ ಕುಳಿತಿದ್ದವು. ಉಪ್ಪು, ಸಕ್ಕರೆ, ಹುಣಸೆಹಣ್ಣು ಒಂದೇ ಸಾಲಿನಲ್ಲಿ, "ರುಚಿ ಬದಲಿಸುವ ವಸ್ತುಗಳು" ಎಂಬ ಚೀಟಿಯ ಕೆಳಗೆ. ಜೋಳದ ಹಿಟ್ಟಿನ ಪಕ್ಕದಲ್ಲಿ, ಅಂಥದೇ ಡಬ್ಬಿಯಲ್ಲಿ, ಅಂಗಳಕ್ಕೆ ಹಾಕುವ ರಂಗೋಲಿ ಪುಡಿ!

"ಇದ್ಯಾಕ್ರಿ ಇಲ್ಲಿ ಬಂತು?"

"ಬೆಳ್ಳಗದ, ಒಣಗದ, ಪುಡಿ ಅದ. ಮೂರೂ ಲಕ್ಷಣ ಕೂಡ್ತಾವ."

"ತಿನ್ನೋದು, ತಿನ್ನಬಾರದ್ದು ಅಂತ ಒಂದು ಲಕ್ಷಣ ಇಲ್ಲೇನ್ರಿ ನಿಮ್ಮ ಕಾಯಿದ್ಯಾಗ?"

ಇವರು ಜೇಬಿನಿಂದ ಪೆನ್ನು ತೆಗೆದು, "ಅದನ್ನ ಮುಂದಿನ ವಾರ ಸೇರಸ್ತೀನಿ" ಎಂದರು. ಪುಣ್ಯಕ್ಕೆ ಅವತ್ತು ಶಿವರಾತ್ರಿ. ಮನೆಯಲ್ಲಿ ಯಾರೂ ರೊಟ್ಟಿ ತಿನ್ನುವವರಿರಲಿಲ್ಲ. ಆ ಶಿವನ ಕೃಪೆಯಿಂದಲೇ ನಮ್ಮ ಮನೆತನ ಉಳಿಯಿತು.

ಅಡಿಗೆಮನೆಯ ಪೀಡೆ ತೊಲಗಿದ್ದು ಎಳ್ಳಮಾಸಿಯ, ಅಂದರೆ ಎಳ್ಳ ಅಮಾವಾಸ್ಯೆಯ ದಿನ. ಅತ್ತೆಯವರ ತವರು ಬೇಮಳಖೇಡದಲ್ಲಿ ಅವರಿಗೆ ಹೊಲವಿದೆ. ಹಬ್ಬಕ್ಕೆ ಎಲ್ಲರೂ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಉಣ್ಣಲು ಕುಳಿತಿದ್ದೆವು. ಸಜ್ಜೆ ರೊಟ್ಟಿ, ಅಂಬಲಿ, ಭಜ್ಜಿ. ನಮ್ಮ ಕಡೆಯ ಭಜ್ಜಿ ಎಂದರೆ ಕರಿದದ್ದಲ್ಲ. ಆ ಹಂಗಾಮಿನಲ್ಲಿ ಭೂಮಿಯ ಮೇಲೆ ಹಸಿರಾಗಿ ಏನೇನು ಕಾಣುತ್ತದೆಯೋ ಅಷ್ಟನ್ನೂ, ಎಲ್ಲ ಹಸಿಕಾಳು, ಎಲ್ಲ ಸೊಪ್ಪು, ಬದನೆ, ಗಜ್ಜರಿ, ಒಂದೇ ಪಾತ್ರೆಯಲ್ಲಿ ಹಾಕಿ ಕಡಲೆಹಿಟ್ಟು ಕೂಡಿಸಿ ಕುದಿಸುವುದು. ಇವರು ತಟ್ಟೆಯಲ್ಲಿ ಬೆರಳಾಡಿಸಿ ಒಂದೊಂದನ್ನೇ ಹೆಕ್ಕಿ ಎಣಿಸಿದರು. ಹತ್ತೊಂಬತ್ತು ಬಂತು.

"ಅತ್ತೀ, ಇದು ಪಲ್ಯಾನೋ, ಸಾರೋ?" ಎಂದು ಬಡಿಸುತ್ತಿದ್ದ ತಮ್ಮ ಸೋದರತ್ತೆಯನ್ನು ಕೇಳಿದರು.

"ಇದು ಭಜ್ಜಿ."

"ಅದಲ್ಲ, ಇದು ಯಾವುದರ ಜಾತಿ?"

"ಭಜ್ಜೀದೇ ಜಾತಿ, ನನ್ನಪ್ಪ. ಸುಮ್ಮ ಉಣ್ಣು, ಆರಿ ಹೊಂಟದ."

ಇವರು ತಟ್ಟೆ ಕೆಳಗಿಟ್ಟು, ಅಡಿಗೆ ಎಂಬ ಜಗತ್ತು ಶಾಸ್ತ್ರಕ್ಕೆ ತಕ್ಕುದಲ್ಲ, ಇನ್ನು ಇದನ್ನು ಬಿಟ್ಟೆ ಎಂದು ಘೋಷಿಸಿದರು. ನಾನು ಅಲ್ಲಿಯೇ ಹೊಲದ ಮಣ್ಣಿನಲ್ಲಿ ಭೂತಾಯಿಗೆ ಅಡ್ಡಬಿದ್ದೆ. ಹಬ್ಬದ ಭಕ್ತಿ ಎಂದು ಎಲ್ಲರೂ ಮೆಚ್ಚಿಕೊಂಡರು.

ಮೆಚ್ಚಿಕೊಂಡವರಿಗೆ ಏನು ಗೊತ್ತು, ಮುಂದಿನ ಪಾಳಿ ತಮ್ಮದೇ ಎಂದು! ಅಡಿಗೆ ಬಿಟ್ಟವರು ಸಂಬಂಧಿಕರನ್ನು ಹಿಡಿದರು. ಅತ್ತೆ, ಮಾವ, ಚಿಗವ್ವ, ಬೀಗರು: ನಮ್ಮದೇ ಮನೆತನವನ್ನು ಉದಾಹರಣೆಗೆ ಇಟ್ಟುಕೊಂಡು ನಕ್ಷೆ ಬರೆಯುವುದು, ಆ ನಕ್ಷೆಯನ್ನು ಯಂತ್ರಕ್ಕೆ ಉಣಿಸುವುದು. ಪ್ರಬಂಧ ಇದರ ಮೇಲೆಯೇ ನಿಂತಿತು.

ನನ್ನ ಚಿಕ್ಕಪ್ಪನ ಮಗಳ ಮದುವೆಗೆ ಬಸವಕಲ್ಯಾಣಕ್ಕೆ ಹೋದಾಗ ಇವರ ಬಗಲಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಬೇಡವೆಂದು ಕೈ ಮುಗಿದೆ. ಕೇಳಲಿಲ್ಲ. ಮಂಟಪದ ಬಾಗಿಲಲ್ಲೇ ಕೊಹಿನೂರದಿಂದ ಬಂದಿದ್ದ ಹಿರಿಯರೊಬ್ಬರನ್ನು ತಡೆದರು.

"ನೀವು ಮದುಮಗಳಿಗಿ ಏನಾಗ್ಬೇಕ್ರಿ?"

"ದೊಡ್ಡಪ್ಪ ಆಗ್ಬೇಕು. ಯಾಕಪಾ?"

"ಖರೇ ದೊಡ್ಡಪ್ಪೋ, ಸುಮ್ಮ ಬಾಯಿಲೆ ಕರಿಯೋ ದೊಡ್ಡಪ್ಪೋ?"

ಹಿರಿಯರ ತಲೆಯ ರುಮಾಲು ಅಲುಗಾಡಿತು. "ಏನಂದಿ? ಈ ಮನಿಗಿ ನಾ ಖೋಟಾ ದೊಡ್ಡಪ್ಪೇನು? ಈ ಹುಡುಗಿ ಅಪ್ಪನ ಮದಿವ್ಯಾಗ ಮೂರು ದಿನ ಒಲಿ ಮುಂದ ಕುಂತಾವ ನಾನು!"

ಅವರು ಉಣ್ಣದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ನಮ್ಮ ಚಿಕ್ಕಪ್ಪ ಅವರ ಕಾಲು ಹಿಡಿದು ಕರೆತರುವಷ್ಟರಲ್ಲಿ ಮುಹೂರ್ತವೇ ಹತ್ತಿರ ಬಂದಿತ್ತು. ಅಷ್ಟರಲ್ಲಿ ಮುಡಬಿಯ ಕಡೆಯವರು ಇವರ ಸುತ್ತ ಮುತ್ತಿಕೊಂಡಿದ್ದರು. ರಿಜಿಸ್ಟರ್ ನೋಡಿ, ಇವರು ಸರಕಾರದ ಮನುಷ್ಯ ಎಂದುಕೊಂಡಿದ್ದರು! "ಸಾಹೇಬ್ರ, ನಮ್ಮ ಸೊಸಿ ಹೆಸರು ರೇಷನ್ ಕಾರ್ಡಿಗಿ ಏರ್ಸ್ರಿ" ಎಂದು ಒಬ್ಬಾಕೆ. ಇವರು ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡು, ಜನ ಎಷ್ಟು ಖುಷಿಲೆ ಮಾಹಿತಿ ಕೊಡಾಕತ್ತಾರ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಎರಡು ವರ್ಷ ಮುಡಬಿಯಿಂದ ನಮ್ಮ ಮನೆಗೆ ಕಾರ್ಡು ಬಂತೇ ಎಂದು ಕೇಳಲು ಜನ ಬರುತ್ತಿದ್ದರು. ಬಂದವರಿಗೆ ಚಹಾ ಮಾಡಿಕೊಟ್ಟವಳು ಯಾರು?

ಆ ಮದುವೆಯಲ್ಲಿ ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಸೋಲಾಪುರದ ದವಾಖಾನೆ ಆಯಿತು, ಹರಕೆಗಳಾದವು. ಮದುವೆಯಾಗಿ ಎಂಟು ಹತ್ತು ವರ್ಷ "ಏನವ್ವಾ, ಏನೂ ವಿಶೇಷ ಇಲ್ಲೇನು?" ಎಂದು ಹೆಂಗಸರು ಕೇಳುತ್ತಿದ್ದರು. ಆಮೇಲೆ ಬಿಟ್ಟರು. ಕೇಳುವಾಗ ಆದ ನೋವಿಗಿಂತ ಕೇಳುವುದನ್ನು ಬಿಟ್ಟಾಗ ಆದದ್ದು ತುಸು ಹೆಚ್ಚು. ಆದರೂ ಉತ್ತರ ಹುಡುಕುವ ಕಷ್ಟ ತಪ್ಪಿತಲ್ಲ, ಅದೂ ಒಂದು ಕೃಪೆ ಎಂದುಕೊಂಡೆ.

ಇನ್ನು ಅತ್ತೆಯವರು ಇಲ್ಲವಾದ ಸಂಗತಿ. ಹಳೆಯ ಕಂಪ್ಯೂಟರ್ ಒಂದು ಆಗ ಮನೆಗೆ ಬಂದಿತ್ತು. ಪ್ಲಗ್ಗು ಇದ್ದದ್ದು ದೇವರ ಕೋಣೆಯ ಗೋಡೆಗೆ, ಹಾಗಾಗಿ ಅದು ದೇವರ ಜಗಲಿಯ ಪಕ್ಕದಲ್ಲೇ ಕುಳಿತಿತು. ದಿನಾ ಪೂಜೆಯ ಹೊತ್ತಿಗೆ ಅದಕ್ಕೂ ಒಂದು ಬೆರಳು ವಿಭೂತಿ ಹಚ್ಚುತ್ತಿದ್ದೆ. ಹಚ್ಚಿದ್ದಕ್ಕೋ ಏನೋ, ಎರಡು ವರ್ಷ ಕೆಡಲಿಲ್ಲ. ಅದರಲ್ಲಿ ಒಂದು ವಿಚಾರ ಮಾಡುವ ಪ್ರೋಗ್ರಾಂ ಇತ್ತು. ನಮ್ಮ ಮನೆತನದ ನಕ್ಷೆಯನ್ನು ಅದರ ಮುಂದಿಟ್ಟು ಗುಂಡಿ ಒತ್ತಿದರು. ಯಂತ್ರ ಗುರ್ ಗುರ್ ಎಂದಿತು, ಹತ್ತು ನಿಮಿಷ ಯೋಚಿಸಿತು. ಪರದೆಯ ಮೇಲೆ ಕೆಂಪು ಬಂತು. ಇಂಥ ಹೆಂಗಸು ಇರಲಾರಳು. ಡಬ್ಬಿಯ ಮೇಲೆ ಅತ್ತೆಯವರ ಹೆಸರು!

ಆಗಿದ್ದೇನೆಂದರೆ, ಇವರು ಇಂಗ್ಲಿಷ್ ಪುಸ್ತಕದಲ್ಲಿನ ಸಂಸಾರಗಳನ್ನು ನೋಡಿ ಒಂದು ನಿಯಮ ಬರೆದಿದ್ದರು: ಅಕ್ಕನ ಮಗಳು ಬೇರೆ, ಹೆಂಡತಿ ಬೇರೆ. ಒಬ್ಬನಿಗೆ ಒಬ್ಬಳೇ ಎರಡೂ ಆಗಲು ಬರುವುದಿಲ್ಲ. ಅತ್ತೆಯವರನ್ನು ಕೊಟ್ಟದ್ದು ಅವರ ಸೋದರಮಾವನಿಗೇ! ನಮ್ಮ ಕಡೆ ಮನೆಗೊಂದು ಇಂಥ ಮದುವೆ ಇರುತ್ತದೆ. ಇವರು ಹುಟ್ಟಿದ್ದೇ ಅಂಥ ಮದುವೆಯಿಂದ. ಆದರೂ ನಿಯಮ ಬರೆಯುವಾಗ ಅದು ನೆನಪಾಗಲಿಲ್ಲ. ಪುಸ್ತಕದಲ್ಲಿ ಇರಲಿಲ್ಲವಲ್ಲ!

"ಏನಂತದೋ ನಿನ್ನ ಡಬ್ಬಿ?" ಪಡಸಾಲೆಯಿಂದ ಅತ್ತೆಯವರು ಕೇಳಿದರು.

"ನೀ ಇಲ್ಲ ಅಂತದವ್ವಾ."

"ನಾ ಇಲ್ಲೇನು?"

"ನೀ ಅಪ್ಪಗ ಅಕ್ಕನ ಮಗಳೂ ಆಗಿ, ಹೇಣ್ತೀನೂ ಆಗೀದಿ. ಅದಕ್ಕ ಇರಾಕ ಬರಂಗಿಲ್ಲ ಅಂತದ."

ಅತ್ತೆಯವರು ರೊಟ್ಟಿಯ ತುತ್ತು ಕೈಯಲ್ಲೇ ಹಿಡಿದು ಎದ್ದು ಬಂದರು. ಯಂತ್ರವನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. "ನಮ್ಮವ್ವ ತನ್ನ ತಮ್ಮಗ ನನ್ನ ಕೊಡುವಾಗ ಇದು ಎಲ್ಲಿತ್ತಂತ? ನಾ ಇಲ್ಲಂದ್ರ ನೀ ಯಾರ ಹೊಟ್ಯಾಗಿಂದ ಬಿದ್ದ್ಯೋ, ಮುದುಕಾ?" ನನ್ನ ಕಡೆ ತಿರುಗಿ, "ಏ ತಂಗಿ, ಇಲ್ಲದಾಕಿಗಿ ಇನ್ನೊಂದು ರೊಟ್ಟಿ ಹಾಕು" ಎಂದರು.

ನಗುವ ಮಾತು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಇಂಥ ಒಂದು ಗಂಟು ಬಿದ್ದರೆ ಯಂತ್ರ ಹುಚ್ಚು ಹಿಡಿದಂತೆ ಯಾವುದಕ್ಕೂ ಹೂಂ ಎನ್ನುತ್ತದಂತೆ. ಎಮ್ಮೆ ಹಾರುತ್ತದೆಯೇ ಎಂದರೆ ಹೌದು, ಹಾರುವುದಿಲ್ಲವೇ ಎಂದರೂ ಹೌದು. ಆ ಒಂದು ನಿಯಮ ತೆಗೆದರೆ ಇನ್ನೆಂಟು ಕೆಂಪಾದವು. ಮಾರ್ಗದರ್ಶಕರು ನಿವೃತ್ತರಾದರು. ಹೊಸಬರು ಬಂದು ಮೊದಲಿನಿಂದ ಬರೆಯಿರಿ ಎಂದರು. ಕರೆಂಟು ಹೋಗಿ ಮೂರು ತಿಂಗಳ ಕೆಲಸ ಅಳಿಸಿತು. ಇವರ ತಲೆಗೂದಲು ಒಂದೇ ವರ್ಷದಲ್ಲಿ ಬೆಳ್ಳಗಾಯಿತು. ನಾನು ಒಪ್ಪತ್ತನ್ನು ಸೋಮವಾರದಿಂದ ಗುರುವಾರಕ್ಕೂ ಹಿಗ್ಗಿಸಿದೆ. ಯಾವ ದೇವರ ಬಾಗಿಲು ಬಡಿದರೆ ಈ ಮನುಷ್ಯನಿಗೆ ಬಿಡುಗಡೆ? ಕೈ ಸೋತು, ಬಾಯಿ ಸೋತು, ಕೊನೆಗೆ ಕೇಳುವ ಮನಸ್ಸೂ ಸೋತಿತು. ಅಂಥ ದಿನಗಳಲ್ಲಿ ಎಣಿಸಿಕೊಳ್ಳುತ್ತಿದ್ದೆ: ಕಣ್ಣು ಚೆನ್ನಾಗಿವೆ, ಅತ್ತೆಯವರಿಗೆ ಹಸಿವೆಯಾಗುತ್ತದೆ, ಬೋರಿನಲ್ಲಿ ನೀರು ಬರುತ್ತಿದೆ. ಅಲ್ಲಿಗೆ ಎಣಿಕೆ ಮುಗಿಯುತ್ತಿತ್ತು.

ಕಾಲೇಜಿನವರು ಕೊಟ್ಟ ಗಡುವಿಗೆ ಇನ್ನು ಮೂರು ತಿಂಗಳಿದ್ದಾಗ, ಅಂತೂ ಮೌಖಿಕ ಪರೀಕ್ಷೆ ಬಂತು. ಇವರ ಜೊತೆ ನಾನೂ ಗುಲಬರ್ಗಾಕ್ಕೆ ಹೋಗಿ ಹೊರಗಿನ ಬೆಂಚಿನ ಮೇಲೆ ಪಂಚಾಕ್ಷರಿ ಜಪಿಸುತ್ತ ಕುಳಿತೆ. ಒಳಗೆ ಇವರ ಧ್ವನಿ ಎರಡು ತಾಸು ಕೇಳಿಸಿತು. ಆಮೇಲೆ ಬೇರೆಯವರ ಒಂದು ಪ್ರಶ್ನೆ. ಆಮೇಲೆ ಏನೂ ಇಲ್ಲ. ಅಷ್ಟು ಹೊತ್ತು ಏನೂ ಇಲ್ಲದ್ದನ್ನು ಕೇಳಿ ನನ್ನ ಜಪ ತಪ್ಪಿಹೋಯಿತು.

ಹೊರಗೆ ಬಂದು, "ಪಾಸಾದಂಗೇ. ಒಂದು ಸಣ್ಣ ತಿದ್ದುಪಡಿ ಅದ. ಒಂದು ಖಾನೆ ಖಾಲಿ ಉಳದದ, ಅದನ್ನ ತುಂಬಿ ತಿಂಗಳೊಳಗ ಕಳಸ್ಬೇಕು" ಎಂದರು.

ಒಂದು ಖಾನೆ! ಊರಿಗೆ ಬಂದು ಓಣಿಗೆಲ್ಲ ಪೇಡೆ ಹಂಚಿದೆ. ಹತ್ತು ದಿನ ಕಳೆಯಿತು. ಇವರು ಕಾಗದ ಮುಟ್ಟಲಿಲ್ಲ. ಹದಿನೈದು ಕಳೆಯಿತು. ಕೇಳಿದರೆ "ಮಾಡ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುವುದು. ಇಪ್ಪತ್ತನೆಯ ದಿನ ನನಗೆ ಸಿಟ್ಟು ಬಂತು. ಮದುವೆಯಾದ ಮೇಲೆ ಅಂಥ ಸಿಟ್ಟು ಬಂದದ್ದು ಅದೇ ಮೊದಲು. ಇಷ್ಟು ವರ್ಷ ಸಾವಿರ ಖಾನೆ ತುಂಬಿದವರಿಗೆ ಇದೊಂದು ಭಾರವಾಯಿತೇ? ಮಧ್ಯಾಹ್ನ ಅತ್ತೆಯವರು ಮಲಗಿದ ಮೇಲೆ ನಾನೇ ಆ ನಕ್ಷೆಯನ್ನು ತೆಗೆದು ಪಡಸಾಲೆಯ ಮೇಲೆ ಹಾಸಿದೆ. ಜಮಖಾನೆಯಷ್ಟು ದೊಡ್ಡ ಕಾಗದ, ತುಂಡು ತುಂಡು ಅಂಟಿಸಿದ್ದು. ಓದಲು ನನಗೆ ಬರುತ್ತಿತ್ತು. ಇಷ್ಟು ವರ್ಷ ಕೇಳಿ ಕೇಳಿ ಬಾಣಗಳ ಭಾಷೆ ಕಲಿತುಬಿಟ್ಟಿದ್ದೆ.

ಹೆಂಗಸರ ಡಬ್ಬಿಗಳಲ್ಲಿ ಒಂದೇ ತರದ ಸಾಲುಗಳು. ತವರೂರು, ಕೊಟ್ಟ ಊರು, ಮಕ್ಕಳ ಸಂಖ್ಯೆ. ಅತ್ತೆಯವರಿಗೆ ಐದು. ಬೇಮಳಖೇಡದ ಸೋದರತ್ತೆಗೆ ಮೂರು. ಮದುವೆಯಾದ ನನ್ನ ಚಿಕ್ಕಪ್ಪನ ಮಗಳಿಗೆ ಎರಡು. ಮಂಡಿಯೂರಿ ಹುಡುಕುತ್ತ ಹೋದೆ. ಇವರ ಡಬ್ಬಿಯ ಪಕ್ಕದಲ್ಲಿ ನನ್ನ ಡಬ್ಬಿ ಸಿಕ್ಕಿತು. ತವರೂರು ಬಸವಕಲ್ಯಾಣ. ಕೊಟ್ಟ ಊರು ಹುಮನಾಬಾದ. ಮಕ್ಕಳ ಸಂಖ್ಯೆ ಎಂದು ಬರೆದು, ಮುಂದೆ ಏನೂ ಇರಲಿಲ್ಲ.

ಇವರು ಬಂದು ಬಾಗಿಲಲ್ಲಿ ನಿಂತಿದ್ದರು.

"ಒಂದು ಸೊನ್ನಿ ಬರಿಯಾಕ ಇಪ್ಪತ್ತು ದಿನ ಬೇಕೇನ್ರಿ?" ಎಂದೆ. "ನನ್ನ ಸೊನ್ನಿಗಿ ನಿಮಗ ನಾಚಿಕಿ ಆಯ್ತೇನು?"

"ಹಾಂಗಲ್ಲ." ಬಂದು ನನ್ನ ಎದುರಿಗೆ ನೆಲದ ಮೇಲೆ ಕುಳಿತರು. "ಕಂಪನಿಯವರ ನಕ್ಷೆ ಕಾಯಿದೆ ಏನದ ಅಂದ್ರ, ಬರದಿದ್ದೇ ಜಗತ್ತು. ಬರೀಲಾರದ್ದು ಇಲ್ಲ ಅಂತ ಲೆಕ್ಕ. ಆಂಟಾಲಜಿ ಹಾಂಗಲ್ಲ. ಅದರಾಗ ಬರೀಲಿಲ್ಲಂದ್ರ, ಇಲ್ಲ ಅಂತಲ್ಲ, ಇನ್ನೂ ಗೊತ್ತಾಗಿಲ್ಲ ಅಂತ. ನಾ ಎರಡೂ ಕೂಡಸಾಕ ಹೊಂಟಾವ. ಎಲ್ಲಾ ಕೂಡಿಸ್ದೆ. ಇದೊಂದು ಕೂಡವಲ್ದು."

"ಪರೀಕ್ಷಾ ಮಾಡೋರು ಏನಂದ್ರು?"

"ಕಾಯಿದೆ ನಿಮ್ಮದೇ, ಖಾನೆ ತುಂಬಲೇಬೇಕು, ಈ ಹೆಣ್ಣಮಗಳಿಗಿ ಮಕ್ಕಳೆಷ್ಟು ಅಂದ್ರು. ನಾ ಸುಮ್ಮ ನಿಂತೆ."

"ನನ್ನ ಡಬ್ಬೀನೇ ತಗದುಬಿಡ್ರಿ ಹಂಗಾರ."

"ಅದನ್ನ ತಗದ್ರ ನನ್ನ ಬಾಣ ಎಲ್ಲಿಗಿ ಹಚ್ಚಲಿ?"

ಈ ಮನುಷ್ಯನಿಗೆ ಏನು ಹೇಳುವುದು? ಕೆಲಸ ಹೋಗುವುದರಲ್ಲಿದೆ, ಹತ್ತು ದಿನ ಉಳಿದಿವೆ. "ನನಗ ನಲವತ್ತೆರಡಾದುವ್ರಿ" ಎಂದೆ. "ಇನ್ನ ಗೊತ್ತಾಗೋದು ಏನದ?"

ಇವರು ಕಾಗದದ ಒಂದು ಮಡಿಕೆಯನ್ನು ಅಂಗೈಯಿಂದ ಒತ್ತಿ ನೇರ ಮಾಡಿದರು. ನಾನು ಇಷ್ಟು ವರ್ಷ ಗುಡಿ ಗುಡಿ ಅಲೆದು, ಹರಕೆ ಕಟ್ಟಿ, ಬಿಚ್ಚಿ, ಅಳುವುದನ್ನು ಅತ್ತು ಮುಗಿಸಿ, ಆ ಕದ ಹಾಕಿಕೊಂಡು ಬಂದಿದ್ದೆ. ಇವರು ಒಂದು ದಿನವೂ ಗುಡಿಗೆ ಬಂದವರಲ್ಲ, ಒಂದು ದಿನವೂ ಆ ಮಾತು ಎತ್ತಿದವರಲ್ಲ. ಕಲ್ಲು ಮನಸ್ಸು ಎಂದುಕೊಂಡಿದ್ದೆ. ಯಾರಿಗೂ ಕಾಣದಂತೆ ಒಂದು ಖಾನೆಯನ್ನು ಮಾತ್ರ ತೆರೆದಿಟ್ಟುಕೊಂಡು ಕುಳಿತಿದ್ದರು.

ಇವರ ಜೇಬಿನಿಂದ ಪೆನ್ನು ತೆಗೆದುಕೊಂಡೆ. ನನ್ನ ಡಬ್ಬಿಯಲ್ಲಿ ನಾನೇ ಬರೆದೆ, ದುಂಡಗೆ. ಖಾನೆಯ ಗೆರೆ ದಾಟಲಿಲ್ಲ, ಆ ದೇವರು ದೊಡ್ಡವನು. ಮರುದಿನ ಕಾಗದ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು, ಪದವಿ ಬಂತು, ಕೆಲಸವೂ ಉಳಿಯಿತು. ಆದರೆ ಆ ಮಧ್ಯಾಹ್ನ ಇವರು ಕಾಗದದ ಮೇಲೆ ಬಾಗಿ, ಇನ್ನೂ ಒಣಗದ ಮಸಿಯನ್ನು ಬಹಳ ಹೊತ್ತು ನೋಡುತ್ತಲೇ ಇದ್ದರು. ಆಮೇಲೆ ತಲೆ ಎತ್ತದೆ, ಮೆಲ್ಲಗೆ ಹೇಳಿದರು:

"ಪೆನ್ಸಿಲ್ಲಿಲೆ ಬರೀಬೇಕಿತ್ತಲ್ಲ ನೀ."